ಬೈಗುಳಕ್ಕೆ ಹಾಲಿಳಿಸುತ್ತಿದ್ದ ಚೆಲುವಿ

ದನದ ಡಾಕ್ಟರಾಗಿ ಹೆಗ್ಗಡದೇವನಕೋಟೆಯ ಹಳ್ಳಿಗಳನ್ನು ಸುತ್ತಿದವನಿಗೆ ನಗುವಿಗೆ ಬರವಿಲ್ಲ. ನನ್ನ ರೋಗಿಗಳು ಸುಳ್ಳು ಹೇಳುತ್ತಿರಲಿಲ್ಲ. ಆ ಕೊರತೆಯನ್ನು ಅವುಗಳ ಮಾಲೀಕರು ತುಂಬಿಕೊಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಹಂಪಾಪುರದ ಕಡೆ ಕೆಲಸದಲ್ಲಿದ್ದಾಗ ಇಂಥದ್ದೊಂದು ಪ್ರಸಂಗವಿಲ್ಲದೆ ವಾರ ಕಳೆದದ್ದು ನೆನಪಿಲ್ಲ. ಇಲ್ಲಿ ಹೇಳುವುದೆಲ್ಲ ಹಾಲಿನ ಸಮಾಚಾರ. ಜನರ ಹೆಸರು ಬೇಡ. ಒಂದು ಹಸುವಿನ ಹೆಸರು ಮಾತ್ರ ಹೇಳುತ್ತೇನೆ, ಅದು ಬೇಜಾರು ಮಾಡಿಕೊಳ್ಳುವ ಪೈಕಿ ಅಲ್ಲ.

೧. ಬಸ್ಸು ಬಂದರೆ ಕಾಫಿ

ಸರಗೂರಿನಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಪುಟ್ಟ ಹೋಟೆಲಿತ್ತು. ಹೋಟೆಲಿನವರು ಹಿತ್ತಿಲಲ್ಲೇ ಹಸು ಕಟ್ಟಿದ್ದರು. ಬೆಳಗಿನ ಮೊದಲ ಬಸ್ಸು ಹಾರನ್ ಹೊಡೆದುಕೊಂಡು ಬಂದಾಗ ಚೊಂಬು ಹಿಡಿದು ಹಾಲು ಕರೆಯಲು ಕೂರುವುದು ಅವರ ರೂಢಿ. ಒಂದು ದಿನ ನನಗೆ ಫೋನು ಬಂತು.

"ಡಾಕ್ಟ್ರೇ, ಹಸು ಹಾಲು ಏರಿಸ್ಕೊಂಡ್ಬುಟ್ಟದೆ. ಗಿರಾಕಿಗಳು ಬರೀ ಕಪ್ಪು ಕಾಫಿ ಕುಡ್ಕೊಂಡು ನನ್ನ ಮಕ ನೋಡ್ತಾವ್ರೆ. ಬೇಗ ಬನ್ನಿ."

ಹೋಗಿ ನೋಡಿದರೆ ಜ್ವರವಿಲ್ಲ, ಬಾವಿಲ್ಲ, ಕೆಚ್ಚಲು ತುಂಬಿ ನಿಂತಿದೆ. ಮೊಲೆ ಹಿಂಡಿದರೆ ಹನಿಯಿಲ್ಲ. ಹೊಸದಾಗಿ ಏನಾಯಿತು ಎಂದು ಕೇಳಿದೆ. ಏನೂ ಇಲ್ಲ, ಮೊದಲ ಬಸ್ಸು ಕೆಟ್ಟು ಬರುತ್ತಿಲ್ಲ ಅಷ್ಟೇ ಎಂದರು. ಅಷ್ಟೇ ಅಂತೆ!

ಕೆಚ್ಚಲು ಎಂದರೆ ಬಿಂದಿಗೆ, ಮೊಲೆ ಎಂದರೆ ಅದರ ನಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಒಳಗಿನ ಕತೆಯೇ ಬೇರೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾಲಿನ ಚೀಲಗಳಿವೆ. ಪ್ರತಿ ಚೀಲವನ್ನು ಸುತ್ತಿಕೊಂಡು, ಅದನ್ನು ಅಮುಕಿ ಹಾಲು ಹೊರಗೆ ತಳ್ಳುವ ಜೀವಕೋಶಗಳಿವೆ. ಅವು ತಾವಾಗಿ ಅಮುಕುವುದಿಲ್ಲ, ಅಪ್ಪಣೆ ಬರಬೇಕು. ಕರು ಬಾಯಿ ಹಾಕಿದಾಗ, ಇಲ್ಲವೇ ಹಾಲು ಕರೆಯುವ ಹೊತ್ತಿನಲ್ಲಿ ದಿನಾ ಕೇಳುವ ಸದ್ದು ಕೇಳಿದಾಗ, ಮಿದುಳಿನ ಬುಡದಲ್ಲಿರುವ ಗ್ರಂಥಿ ಆಕ್ಸಿಟೋಸಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದ ಜೊತೆ ಅದು ಕೊಂಬಿನ ಬುಡದಿಂದ ಬಾಲದ ತುದಿಯವರೆಗೂ ಹೋಗುತ್ತದೆ. ಆದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಯಾವ ಜೀವಕೋಶದ ಮೈಮೇಲಿದೆಯೋ ಅದು ಮಾತ್ರ ಓಗೊಡುತ್ತದೆ. ಡೈರಿ ವ್ಯಾನಿನ ಹಾರನ್ ಊರಿಗೆಲ್ಲ ಕೇಳಿಸಿದರೂ ಕ್ಯಾನು ಹಿಡಿದು ಓಡಿಬರುವವರು ಹಾಲಿದ್ದವರು ಮಾತ್ರ ತಾನೆ? ಹಾಗೆ. ಇಷ್ಟು ವರ್ಷ ಇದನ್ನು ನೋಡಿದ್ದೇನೆ, ಇವತ್ತಿಗೂ ನನಗೆ ಇದೊಂದು ಬೆರಗು.

ಇದನ್ನೆಲ್ಲ ವಿವರಿಸಿ, ಸ್ವಲ್ಪ ದಿನ ಕರುವನ್ನು ಮುಂದೆ ಬಿಡಿ, ಹೊಸ ರೂಢಿಯಾಗುತ್ತದೆ ಎಂದೆ. ಹೋಟೆಲಿನವರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಸೀದಾ ಡಿಪೋಗೆ ಹೋಗಿ ಕೇಳಿಕೊಂಡರಂತೆ: "ಪ್ಯಾಸೆಂಜರ್ ಹತ್ತಿಸ್ಕೊಳ್ದಿದ್ರೂ ಪರ್ವಾಗಿಲ್ಲ ಸ್ವಾಮಿ, ಬೆಳಿಗ್ಗೆ ಬಂದು ಒಂದ್ಸಲ ಹಾರನ್ ಹೊಡ್ದು ಹೊಂಟೋಗಿ!"

೨. ನನ್ನ ಮೋಟಾರು ಬೈಕು

ಹಾಲು ಇಳಿಸುವ ಸದ್ದಿದ್ದ ಹಾಗೆ ಏರಿಸುವ ಸದ್ದೂ ಇತ್ತು. ಅದು ನನ್ನ ಬೈಕಿನದು.

ಬೈಕು ಬಂತೆಂದರೆ ಸೂಜಿ ಬಂತು ಎಂದು ದನಗಳು ಲೆಕ್ಕ ಹಾಕಿಬಿಟ್ಟಿದ್ದವು. ಹೆದರಿದ ಪ್ರಾಣಿಯ ಮೈಯಲ್ಲಿ ಬೇರೊಂದು ರಾಸಾಯನಿಕ ಓಡಾಡುತ್ತದೆ, ಅಡ್ರಿನಾಲಿನ್ ಅಂತ. ಅದು ಬಂದರೆ ಹಾಲಿನ ಅಪ್ಪಣೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಓಡಬೇಕಾದ ಹೊತ್ತಿನಲ್ಲಿ ಹಾಲು ಕೊಡುತ್ತಾ ಕೂತರೆ ಆದೀತೆ? ಎಷ್ಟು ಹದವಾದ ಏರ್ಪಾಡು ನೋಡಿ. ನಾನಂತೂ ಮನಸಾರೆ ಮೆಚ್ಚಿಕೊಂಡೆ. ಹಂಪಾಪುರದ ಹತ್ತಿರದ ಒಂದು ಊರಿನ ಹೆಂಗಸರು ಮೆಚ್ಚಲಿಲ್ಲ. ಹಾಲು ಕರೆಯುವ ಹೊತ್ತಿನಲ್ಲಿ ಡಾಕ್ಟರು ಬೈಕನ್ನು ಊರಾಚೆ ನಿಲ್ಲಿಸಿ ನಡೆದು ಬರತಕ್ಕದ್ದು ಎಂದು ಕಟ್ಟು ಮಾಡಿದರು.

ಮನುಷ್ಯರ ಡಾಕ್ಟರು ಬಂದರೆ ಕುರ್ಚಿ ಹಾಕುತ್ತಾರೆ. ನನ್ನನ್ನು ಹುಲ್ಲಿನ ಮೆದೆಯ ಹಿಂದೆ ಬಚ್ಚಿಡುತ್ತಿದ್ದರು.

೩. ದಿನಾ ನಡೆಯುವ ಮಂಗಳಾರತಿ

ಆ ಊರಿನ ಗೌಡರ ಮನೆಯ ಹಸು ಚೆಲುವಿ. ಗೌಡರು ಭಜನೆ ಮನೆಯ ಮುಂದಾಳು, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ಅವರ ಹೆಂಡತಿಯ ಬಾಯಿಗೆ ಅಂಥ ಕಟ್ಟುಪಾಡು ಇರಲಿಲ್ಲ. ಹಾಲು ಕರೆಯಲು ಕೂತರೆ ಗಂಡನ ಮೇಲಿನ ದೂರನ್ನೆಲ್ಲ ಚೆಲುವಿಯ ಮುಂದೆ ತೋಡಿಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕೂತ ಗಂಡನಿಗೆ ಅದು ಕೇಳಿಸಲಿ ಎಂಬುದೂ ಉದ್ದೇಶ.

"ಕೇಳ್ದೇನವ್ವ ಚೆಲುವಿ, ನಿಮ್ ಗೌಡನ ಘನಂದಾರಿ ಕೆಲ್ಸವ? ಸಂತೆಗೆ ಹೋಗಿ ಈರುಳ್ಳಿ ತಾ ಅಂದ್ರೆ ತಾಳ ತಂದವ್ನೆ. ತಾಳವ ಅರ್ದು ಸಾರು ಮಾಡನಾ? ಮೂದೇವಿ ಮನ್ಸ!"

'ಮೂದೇವಿ' ಎನ್ನುವ ಹೊತ್ತಿಗೆ ಪಾತ್ರೆಯಲ್ಲಿ ನೊರೆ ಏಳುತ್ತಿತ್ತು. ಜಗಲಿಯಿಂದ ಗೌಡರು ನನಗೆ ಹೇಳಿದರು: "ಡಾಕ್ಟ್ರೇ, ಬೂಸಾ ಒಂದಿನ ತಪ್ಪುದ್ರೂ ತಪ್ತದೆ. ನನ್ನ ಮಂಗಳಾರತಿ ಮಾತ್ರ ಎರಡು ಹೊತ್ತೂ ತಪ್ಪಕಿಲ್ಲ."

೪. ಗೌಡರು ಸೀರೆ ಉಟ್ಟದ್ದು

ಗೌಡರು ಕೆ.ಆರ್. ನಗರಕ್ಕೆ ಕೊಟ್ಟಿದ್ದ ಮಗಳಿಗೆ ಅಲ್ಲೇ ಆಪರೇಷನ್ ಮಾಡಿ ಹೆರಿಗೆಯಾಯಿತು. ಹುಡುಗಿ ಹೆದರಿ ಕಂಗಾಲು, ಮಗುವಿಗೆ ಹಾಲು ಸಾಲದು. ತಾಯಿ ಪಕ್ಕದಲ್ಲಿ ಇರಲೇಬೇಕು. ಗೌಡರ ಹೆಂಡತಿ ಹೊರಟರು, ಕಣ್ಣು ಮಾತ್ರ ಕೊಟ್ಟಿಗೆಯ ಕಡೆಗೇ ಇತ್ತು.

"ಚೆಲುವಿಗೆ ಕೆಚ್ಚಲು ಬಾವು ಬಂದ್ರೆ ನಾನು ಬಾಣಂತಿನ ಬುಟ್ಟು ಓಡ್ಬರ್ಬೇಕಾಯ್ತದೆ. ನೋಡ್ಕಳಿ" ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದರು.

ಆ ಸಂಜೆ ಗೌಡರು ಕೂತರು. ಚೆಲುವಿ ತಿರುಗಿ ನೋಡಿತು. ಹಾಲಿಲ್ಲ. ಅದರ ಕರುವಿಗೆ ಹುಲ್ಲು ರೂಢಿಯಾಗಿ ತಾಯಿ ಮರೆತುಹೋಗಿತ್ತು, ಅದನ್ನು ಬಿಟ್ಟರೂ ಪ್ರಯೋಜನವಾಗಲಿಲ್ಲ. ಮಾರನೆಯ ದಿನ ಅಕ್ಕಪಕ್ಕದವರು ಕೊಟ್ಟ ಬುದ್ಧಿವಾದದಂತೆ ಹೆಂಡತಿಯ ಸೀರೆ ಉಟ್ಟು, ಸೆರಗು ಹೊದ್ದು, ಮೀಸೆ ಮುಚ್ಚಿಕೊಂಡು ಕೂತರು. ಚೆಲುವಿ ಸೆರಗು ಮೂಸಿತು, ಮೀಸೆ ನೋಡಿತು, ಒಂದೇ ಏಟಿಗೆ ಪಾತ್ರೆ ಒದ್ದು ಉರುಳಿಸಿತು. ಅದೇ ಹೊತ್ತಿಗೆ ಸರಿಯಾಗಿ ಭಜನೆಯವರು ಬಂದು ಬಾಗಿಲಲ್ಲಿ ನಿಂತಿದ್ದರು.

ನಾನು ಹೋದಾಗ ಗೌಡರು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡೇ ಕೈಮುಗಿದರು. "ಒಂದು ಇಂಜೆಕ್ಷನ್ ಕೊಟ್ಬುಡಿ ಡಾಕ್ಟ್ರೇ."

ಅದೇ ರಾಸಾಯನಿಕ ಸೂಜಿಯಲ್ಲೂ ಸಿಗುತ್ತದೆ ನಿಜ. ಆ ಹೊತ್ತಿಗೆ ಒಂದು ಕೊಟ್ಟು ಕೆಚ್ಚಲು ಹಗುರ ಮಾಡಿದೆ. ದಿನಾ ಕೊಡಲಾರೆ, ಹಾಗೆ ಚುಚ್ಚುತ್ತಾ ಹೋದರೆ ಸೂಜಿಯಿಲ್ಲದೆ ಹಾಲಿಲ್ಲ ಎಂಬಂತಾಗುತ್ತದೆ ಎಂದೆ. ಗೌಡರು ಸೆರಗಿನಲ್ಲೇ ಮುಖ ಒರೆಸಿಕೊಂಡು, "ಹಂಗಾದ್ರೆ ಅವ್ಳ ಗಂಟ್ಲನ್ನೇ ತರ್ಬೇಕು" ಎಂದರು.

೫. ಬೀಗರ ಮನೆಯ ಕ್ಯಾಸೆಟ್

ಭಜನೆ ಮನೆಯ ಟೇಪ್ ರೆಕಾರ್ಡರ್ ಹೊತ್ತುಕೊಂಡು ಗೌಡರು ಹುಣಸೂರಿನಲ್ಲಿ ಬಸ್ಸು ಬದಲಿಸಿ ಕೆ.ಆರ್. ನಗರಕ್ಕೆ ಹೋದರು. ಬಾಣಂತಿಯ ಕೋಣೆಯಲ್ಲಿ ಯಂತ್ರ ಇಟ್ಟು, "ನನ್ನ ಬೈಯಮ್ಮಿ, ದಿನಾ ಬೈದಂಗೇ ಬೈಯಿ" ಎಂದು ಗುಂಡಿ ಒತ್ತಿದರು. ಬೀಗರ ಮನೆಯವರೆಲ್ಲ ಸುತ್ತ ನೆರೆದಿದ್ದರು.

ಆ ಕ್ಯಾಸೆಟ್ಟನ್ನು ನಾನು ಮೆದೆಯ ಹಿಂದೆ ನಿಂತು ಕೇಳಿದೆ. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ರೇಡಿಯೋದವರ ಧಾಟಿಯಲ್ಲಿ ಹೀಗೆ: "ಎಲ್ಲರಿಗೂ ನಮಸ್ಕಾರ. ಚೆಲುವಿ, ನೀನು ಕ್ಷೇಮವಾಗಿರುವೆಯಾ? ನಾವೆಲ್ಲರೂ ಇಲ್ಲಿ ಕ್ಷೇಮ. ನಮ್ಮ ಯಜಮಾನರು ಬಹಳ ಒಳ್ಳೆಯವರು."

"ಬೀಗರ ಮುಂದೆ ಗಂಡನ್ನ ಬೈಯಕ್ಕಾದದಾ ಅಂದ್ಳು ಡಾಕ್ಟ್ರೇ" ಎಂದು ಗೌಡರು ಅಳುವ ಹಾಗಾದರು.

ಯಜಮಾನರು ಬಹಳ ಒಳ್ಳೆಯವರು ಎಂಬಲ್ಲಿಗೆ ಚೆಲುವಿ ಬಾಲ ಎತ್ತಿ ಸೆಗಣಿ ಹಾಕಿತು.

ಆದರೆ ಗೌಡರು ಇನ್ನೊಂದು ಸುದ್ದಿಯನ್ನೂ ತಂದಿದ್ದರು. ಅಮ್ಮ ಪಕ್ಕದಲ್ಲಿ ಕೂತು ತಲೆ ಸವರುತ್ತಿದ್ದರೆ ಮಗಳ ಎದೆಯಲ್ಲಿ ಹಾಲಿಳಿಯುತ್ತದಂತೆ, ಮಗು ಹೊಟ್ಟೆತುಂಬ ಕುಡಿಯುತ್ತದಂತೆ. ಮನುಷ್ಯರಿಗೂ ಹಸುವಿಗೂ ಅಪ್ಪಣೆ ಒಯ್ಯುವ ರಾಸಾಯನಿಕ ಒಂದೇ, ಧೈರ್ಯವಿದ್ದ ಕಡೆ ಅದು ಸಲೀಸಾಗಿ ಹರಿಯುತ್ತದೆ ಎಂದೆ. ಗೌಡರು ತಲೆದೂಗಿದರು.

"ಹಂಗಾದ್ರೆ ಅವ್ಳು ಅಲ್ಲೇ ಇರ್ಲಿ. ಇಲ್ಲಿ ಕೆಚ್ಚಲು ಕೆಟ್ಟೋಯ್ತು ಅನ್ನೋ ಸುದ್ದಿ ಅವ್ಳ ಕಿವಿಗೆ ಬೀಳ್ಬಾರ್ದು. ನಾನೇನ್ ಮಾಡ್ಬೇಕು ಹೇಳಿ, ಮಾಡ್ತೀನಿ."

"ಬೈಗುಳ ಅವರ ಬಾಯಿಂದಲೇ ಬರಬೇಕು ಅಂತೇನಿಲ್ಲ. ಅದೇ ಧಾಟಿ, ಅದೇ ಮಾತು ನೀವೇ ಆಡಿ ನೋಡಿ."

"ಯಾರ್ನ ಬೈಯಲಿ?"

"ಅವರು ಯಾರನ್ನ ಬೈತಿದ್ರು?"

ಗೌಡರು ಪಾತ್ರೆ ತೆಗೆದುಕೊಂಡು ಕೂತು, ಹೆಂಗಸಿನ ದನಿ ಮಾಡಿ, ಮೆಲ್ಲಗೆ ಶುರು ಮಾಡಿದರು: "ಕೇಳ್ದೇನವ್ವ ಚೆಲುವಿ, ನಿಮ್ ಗೌಡನ ಘನಂದಾರಿ ಕೆಲ್ಸವ?"

ಚೆಲುವಿಯ ಕಿವಿ ನೆಟ್ಟಗಾಯಿತು.

೬. ಮೆದೆಯ ಹಿಂದೆ ಇಬ್ಬರು

ಮೊದಲ ದಿನ ಪಾತ್ರೆಯ ತಳ ಮುಚ್ಚುವಷ್ಟು ಹಾಲು, ಆಮೇಲಾಮೇಲೆ ಅರ್ಧ ಪಾತ್ರೆ. ಎರಡು ಹೊತ್ತೂ ಗೌಡರು ತಮ್ಮನ್ನು ತಾವೇ ಬೈದುಕೊಂಡರು. ಊರವರು ದಾರಿಯಲ್ಲಿ ನಿಂತು ಕೇಳಿ ನಗುತ್ತಿದ್ದರು. ನಾನು ನಗಲಾರದೆ ಹೋದೆ. ಮಗಳ ಮನೆಯಲ್ಲಿ ಹೆಂಡತಿ ನೆಮ್ಮದಿಯಾಗಿರಲಿ ಎಂದು ಊರೆಲ್ಲ ಕೇಳುವಂತೆ ತನ್ನನ್ನೇ ಮೂದೇವಿ ಎಂದುಕೊಳ್ಳುವ ಗಂಡಸನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂದು ಸಂಜೆ ಕೆಚ್ಚಲು ಹೇಗಿದೆ ನೋಡೋಣವೆಂದು ಹೋಗಿ, ಹಾಲು ಕರೆದು ಮುಗಿಯಲಿ ಎಂದು ಎಂದಿನಂತೆ ಮೆದೆಯ ಹಿಂದೆ ನಿಂತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ನೋಡಿದರೆ ಗೌಡರ ಹೆಂಡತಿ, ಕೈಯಲ್ಲಿ ಬ್ಯಾಗು, ಆಗ ತಾನೇ ಬಸ್ಸಿಳಿದು ಬಂದಿದ್ದರು. ಮಗಳು ಚೇತರಿಸಿಕೊಂಡಿದ್ದಳು. ಮಾತಾಡಬೇಡಿ ಎಂದು ನನಗೆ ಸನ್ನೆ ಮಾಡಿದರು.

ಕೊಟ್ಟಿಗೆಯಲ್ಲಿ ಗೌಡರ ಹತ್ತಿರ ಹಳೆಯ ಬೈಗುಳವೆಲ್ಲ ಖಾಲಿಯಾಗಿತ್ತು. ಚೆಲುವಿಗೆ ಸಾಲದು. ಹೆಂಗಸಿನ ದನಿಯೂ ಮರೆತುಹೋಗಿ, ಅವರು ತಮ್ಮದೇ ದನಿಯಲ್ಲಿ ಹೊಸದನ್ನು ಹುಡುಕುತ್ತಿದ್ದರು.

"ಇನ್ನೇನ್ ಹೇಳ್ಲವ್ವ? ಅವ್ಳು ಮಾಡೋ ಬಸ್ಸಾರಿಗೆ ಉಪ್ಪಿಲ್ಲ ಅಂತ ದಿನಾ ರೇಗಿಸ್ತೀನಲ್ಲ, ಉಪ್ಪು ಸರಿಯಾಗೇ ಇರ್ತದೆ ಕಣವ್ವ. ಅಂಥ ಬಸ್ಸಾರು ಈ ಊರಲ್ಲೇ ಇಲ್ಲ. ಚೆನ್ನಾಗದೆ ಅಂತ ಒಂದಿನ ಅಂದಿದ್ರೆ ನನ್ನ ಗಂಟೇನ್ ಹೋಗ್ತಿತ್ತು? ಮೂದೇವಿ ನಾನು!"

ಪಕ್ಕದಲ್ಲಿ ಮೂಗು ಏರಿಸಿದ ಸದ್ದಾಯಿತು. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗೌಡರು ಅಲ್ಲಿಗೆ ನಿಲ್ಲಿಸಿದ್ದರೆ ಆ ಮನೆಯಲ್ಲಿ ಆ ದಿನ ಹಬ್ಬವಾಗುತ್ತಿತ್ತು.

ನಿಲ್ಲಿಸಲಿಲ್ಲ. ಹಾಲು ಇನ್ನೂ ಬರಬೇಕಿತ್ತಲ್ಲ.

"ಇನ್ನೊಂದದೆ ಕೇಳು. ಅವ್ಳ ತಮ್ಮನ ಮದ್ವೆ ಧಾರೆಗೆ ಹೋಗ್ನಿಲ್ಲ, ಬಸ್ಸು ತಪ್ಪೋಯ್ತು ಅಂದ್ನಲ್ಲ? ಬಸ್ಸು ತಪ್ಪಿರ್ಲಿಲ್ಲ ಕಣವ್ವ. ಎಚ್.ಡಿ. ಕೋಟೇಲಿ ಕುಸ್ತಿ ಇತ್ತು."

ಮೆದೆಯ ಹಿಂದೆ ಬ್ಯಾಗು ನೆಲಕ್ಕೆ ಬಿತ್ತು.

"ಏನಂದ್ರಿ? ಕುಸ್ತಿಯಾ?"

ಅಷ್ಟು ದಿನದ ಮೇಲೆ ಆ ಗಂಟಲು! ಚೆಲುವಿ ಕತ್ತೆತ್ತಿತು. ಗೌಡರು ಬೆಚ್ಚಿ ಕೈ ತೆಗೆದಿದ್ದರೂ ನಾಲ್ಕೂ ಮೊಲೆಗಳಿಂದ ಹಾಲು ತಾನಾಗಿ ತೊಟ್ಟಿಕ್ಕತೊಡಗಿತು. ಆ ಕೆಚ್ಚಲಿನ ಒಂದೊಂದು ಜೀವಕೋಶವೂ ಆಕೆಗೆ ಓಗೊಟ್ಟಿತ್ತು. ಕೆಲಸಕ್ಕೆ ಸೇರಿದಂದಿನಿಂದ ಅಂಥ ನೋಟ ಕಂಡಿರಲಿಲ್ಲ, ಕೈಮುಗಿಯಬೇಕು ಅನ್ನಿಸಿತು.

"ನಮ್ಮಪ್ಪ ದಾರೀಲಿ ನಿಂತು ನಿಂತು ಕಾಲು ಊದಿಸ್ಕೊಂಡ! ನಾನು ಬೀಗ್ರ ಮುಂದೆ ಬಸ್ಸಿನೋರ್ಗೆ ಶಾಪ ಹಾಕ್ದೆ! ಇಲ್ಲಿ ನೀವು ಕುಸ್ತಿ ನೋಡ್ಕೊಂಡು..."

ಗೌಡರು ಹೆಂಡತಿಯನ್ನು ನೋಡಲಿಲ್ಲ, ಕಾಲಿಗೆ ಬೀಳಲಿಲ್ಲ, ಓಡಲೂ ಇಲ್ಲ. ಎರಡೂ ಕೈಯಿಂದ ಹಾಲು ಕರೆಯುತ್ತಾ, ಉಕ್ಕಿ ಏಳುವ ನೊರೆಯಲ್ಲಿ ಕಣ್ಣು ನೆಟ್ಟು ಕೂಗಿದರು:

"ನಿಲ್ಲಿಸ್ಬ್ಯಾಡ ಕಣಮ್ಮಿ, ಬೈಯಿ, ಇನ್ನೂ ಬೈಯಿ! ಡಾಕ್ಟ್ರೇ, ಆ ಬಿಂದ್ಗೆ ಇತ್ಲಾಗೆ ಕೊಡಿ, ಇವ್ಳ ತಂಗಿ ಮದ್ವೆ ಇಸ್ಯಾನೂ ಹೇಳ್ಬುಡ್ತೀನಿ ಚೆಲುವಿ!"