ಹೆಂಡತಿ ನನ್ನವಳೇ ಎಂಬುದಕ್ಕೆ ದಾಖಲೆ

ಮದುವೆಯಾಗಿ ಆರು ವರ್ಷವಾದ ಮೇಲೆ, ಈಕೆ ನನ್ನ ಹೆಂಡತಿಯೇ ಎಂದು ಇನ್ನೊಂದು ದೇಶದ ಸರ್ಕಾರಕ್ಕೆ ತೋರಿಸಿಕೊಡಲು ಹೊರಟು ನೋಡಿ, ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನನಗಂತೂ ನಡೆಯಿತು.

ನಾನು ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹೆಂಡತಿ ಜಯನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆ ಜೆ.ಪಿ. ನಗರದಲ್ಲಿ. ಊರ ತುಂಬ ಎಸ್‌ಟಿಡಿ ಬೂತುಗಳಿದ್ದ ಕಾಲ ಅದು. ಅವಳಿಗೆ ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿತು. ಅವಳು ಮೊದಲು ಹೋಗುವುದು, ಆಮೇಲೆ ನಾನು ವಿಸಿಟರ್ ವೀಸಾದಲ್ಲಿ ಮೂರು ತಿಂಗಳು ಹೋಗಿ ಊರು ನೋಡುವುದು, ಹಿಡಿಸಿದರೆ ಅಲ್ಲಿದ್ದುಕೊಂಡೇ ಪಾರ್ಟ್‌ನರ್ ವೀಸಾಕ್ಕೆ ಅರ್ಜಿ ಹಾಕುವುದು, ಸಿಕ್ಕಿದ ಮೇಲೆ ವಾಪಸ್ ಬಂದು ಮನೆ ಬಾಡಿಗೆಗೆ ಕೊಡುವುದು, ಹೀಗೆಂದು ನಮ್ಮಿಬ್ಬರಲ್ಲಿ ಮಾತಾಯಿತು.

ಚೆನ್ನಾಗಿ ಯೋಚನೆ ಮಾಡಿದ್ದೀರಾ?

ನಮ್ಮದು ಬಸವನಗುಡಿಯ ಛತ್ರದಲ್ಲಿ ಆದ ಮದುವೆ. ಎಂಟುನೂರು ಜನ ಉಂಡು ಹೋಗಿದ್ದರು. ರಿಜಿಸ್ಟರ್ ಮಾಡಿಸಬೇಕೆಂದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ. ಸರ್ಟಿಫಿಕೇಟ್ ಬೇಕೇ ಬೇಕೆಂದು ಗೊತ್ತಾದಾಗ ಅವಳು ಹೊರಡಲು ಹದಿನೈದೇ ದಿನ ಉಳಿದಿತ್ತು. ನೋಂದಣಿ ಕಚೇರಿಗೆ ಓಡಿದೆವು. ಬೆಂಚಿನ ಮೇಲೆ ನಮಗಿಂತ ಮುಂದೆ ಮೂರು ಜೋಡಿ ಕೂತಿದ್ದವು. ಎಲ್ಲ ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಕೊರಳಲ್ಲಿ ಹಾರ, ಬಾಗಿಲ ಕಡೆಗೇ ಹೆದರಿದ ಕಣ್ಣು.

ನಮ್ಮ ಸರದಿ ಬಂದಾಗಲೂ ಗುಮಾಸ್ತರು ಅದೇ ಗುಂಗಿನಲ್ಲಿದ್ದರು. ತಲೆ ಎತ್ತದೆ, "ಮನೆಯವರ ವಿರೋಧ ಇದೆಯೇನಮ್ಮಾ?" ಎಂದರು.

"ಇಲ್ಲ ಸಾರ್. ಅತ್ತೇನೇ ಸಾಕ್ಷಿಗೆ ಬಂದಿದ್ದಾರೆ, ಹೊರಗೆ ಕೂತಿದ್ದಾರೆ."

"ಬಲವಂತ ಏನೂ ಇಲ್ಲ ತಾನೇ? ಚೆನ್ನಾಗಿ ಯೋಚನೆ ಮಾಡಿದ್ದೀಯಾ?"

"ಆರು ವರ್ಷದಿಂದ ಯೋಚನೆ ಮಾಡ್ತಾನೇ ಇದೀನಿ ಸಾರ್," ಎಂದಳು ನನ್ನ ಹೆಂಡತಿ.

ಗುಮಾಸ್ತರು ಆಗ ತಲೆ ಎತ್ತಿ ನನ್ನ ಅರ್ಧ ನೆರೆತ ಕೂದಲು ನೋಡಿದರು. "ಓ, ಆಗ್ಲೇ ಆಗಿಹೋಗಿದೆಯಾ? ಹಾಗಾದ್ರೆ ಇನ್ನೇನು ಮಾಡೋಕಾಗುತ್ತೆ, ಸೈನ್ ಹಾಕಮ್ಮ" ಎಂದು ಸೀಲು ಒತ್ತಿದರು.

ಎಡದಿಂದ ಬಲಕ್ಕೆ

ಅವಳು ಹೋದಳು. ಇಬ್ಬರೂ ಜೊತೆಗಿರುವ ಫೋಟೋಗಳು ಬೇಕಂತೆ, ಮದುವೆಯದ್ದು ಮಾತ್ರ ಸಾಲದಂತೆ ಎಂದು ಫೋನಿನಲ್ಲಿ ಹೇಳಿದಳು. ಆಲ್ಬಮ್ ತೆಗೆದು ಕೂತೆ. ಮೈಸೂರು ಅರಮನೆ ಮುಂದೆ ಅವಳು, ನಂದಿಬೆಟ್ಟದಲ್ಲಿ ಅವಳು, ಲಾಲ್‌ಬಾಗಿನಲ್ಲಿ ಅವಳು. ನಾನು ಎಲ್ಲೂ ಇಲ್ಲ. ಆರು ವರ್ಷವೂ ಕ್ಯಾಮೆರಾ ಹಿಡಿದವನು ನಾನೇ.

ಜಯನಗರದ ಸ್ಟುಡಿಯೋಗೆ ಹೋಗಿ ಕಷ್ಟ ಹೇಳಿಕೊಂಡೆ. ಅಂಗಡಿಯವರು, "ಅಷ್ಟೇನಾ ಸಾರ್? ಮೇಡಂದು ಒಂದು ಫೋಟೋ ಕೊಡಿ, ಕಂಪ್ಯೂಟರಲ್ಲಿ ಪಕ್ಕದಲ್ಲೇ ಕೂರಿಸಿಬಿಡ್ತೀನಿ. ಹಿಂದೆ ಸ್ವಿಟ್ಜರ್ಲೆಂಡ್ ಹಾಕ್ಲಾ, ತಾಜ್‌ಮಹಲ್ ಹಾಕ್ಲಾ?" ಎಂದರು.

ನಿಜವಾದ ಹೆಂಡತಿಯನ್ನು ಸುಳ್ಳು ಮಾಡಿಕೊಳ್ಳುವುದು ಬೇಡವೆಂದು ಕೈಮುಗಿದು ಬಂದೆ.

ಕೊನೆಗೆ ಕಾಪಾಡಿದ್ದು ಕುಮಾರಸ್ವಾಮಿ ಲೇಔಟಿನ ಚಿಕ್ಕಮ್ಮ. ಅವರ ಬೀರುವಿನಲ್ಲಿ ನಮ್ಮ ಗೃಹಪ್ರವೇಶದ ಫೋಟೋ ಒಂದಿತ್ತು. ಹೊಸ್ತಿಲು ದಾಟಲು ಹಸು ಒಪ್ಪುತ್ತಿಲ್ಲ. ಹೆಂಡತಿ ಮುಂದಿನಿಂದ ಹಗ್ಗ ಎಳೆಯುತ್ತಿದ್ದಾಳೆ, ನಾನು ಹಿಂದಿನಿಂದ ನೂಕುತ್ತಿದ್ದೇನೆ. ಮೂವರ ಮುಖವೂ ಸ್ಪಷ್ಟ. ಫೋಟೋದ ಹಿಂದೆ ಯಾರು ಯಾರೆಂದು ಬರೆಯಬೇಕೆಂಬ ನಿಯಮವಿತ್ತು. "ಎಡದಿಂದ ಬಲಕ್ಕೆ: ನನ್ನ ಹೆಂಡತಿ, ಹಸು, ನಾನು" ಎಂದು ಬರೆದೆ.

ರಜೆಗೆ ಕಾರಣ

ಮೂರು ತಿಂಗಳು ಸಂಬಳವಿಲ್ಲದ ರಜೆ ಕೇಳಲು ನಮ್ಮ ಹೆಡ್ಮಾಸ್ಟರರ ರೂಮಿಗೆ ಹೋದೆ. ಅವರಿಗೆ ಕಿವಿ ಸ್ವಲ್ಪ ಮಂದ.

"ಏನ್ರೀ ಕಾರಣ?"

"ಹೆಂಡ್ತಿ ನೋಡೋಕೆ ಸಾರ್."

"ಹೆಣ್ಣು ನೋಡೋಕಾ? ನಿಮಗೆ ಮದುವೆ ಆಗಿದೆಯಲ್ರೀ!"

"ಹೆಂಡ್ತಿ ಸಾರ್, ಹೆಂಡ್ತಿ! ನ್ಯೂಜಿಲೆಂಡಲ್ಲಿ!" ಎಂದು ಕೂಗಿದೆ.

ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಅಲ್ಲಿ ಬೇರೆ ಒಬ್ಬಳಾ?"

ಅಷ್ಟರಲ್ಲಿ ಸ್ಟಾಫ್‌ರೂಮು ಪೂರ್ತಿ ಬಾಗಿಲಲ್ಲಿತ್ತು.

ಪಕ್ಕದ ಮನೆ ಅಂಕಲ್ ಬರೆದದ್ದು

ನ್ಯೂಜಿಲೆಂಡ್ ನನಗೆ ಹಿಡಿಸಿತು. ಅದಕ್ಕಿಂತ, ಎಂಟು ತಿಂಗಳು ಒಬ್ಬಳೇ ಇದ್ದು ಬಡವಾಗಿದ್ದ ಹೆಂಡತಿಯನ್ನು ಇನ್ನೊಮ್ಮೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಹೋದ ಎರಡನೇ ವಾರಕ್ಕೇ ಅರ್ಜಿ ಹಾಕಿದೆವು. ಇಂಟರ್‌ವ್ಯೂಗೆ ಕರೆ ಬಂತು. ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳುತ್ತಾರೆ, ಉತ್ತರ ತಾಳೆಯಾಗದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಯಾರೋ ಹೆದರಿಸಿದ್ದರು. ಒಳಗೆ ಹೋಗುವ ಮುಂಚೆ ಅವಳು ನನ್ನ ಕೈ ಹಿಡಿದುಕೊಂಡಳು.

"ಬೆಳಗಿನ ಕಾಫಿ ಯಾರು ಮಾಡುತ್ತಿದ್ದರು?" ಎಂದು ಆಫೀಸರಮ್ಮ ನನ್ನನ್ನು ಕೇಳಿದರು. "ನಾನೇ" ಎಂದೆ. ಅವಳನ್ನೂ ಕೇಳಿದ್ದರು, ಅವಳೂ "ನಾನೇ" ಎಂದಿದ್ದಳು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಈ ವಿಷಯ ತಿಳಿಸಿದಾಗ ಅರ್ಜಿ ಬಿದ್ದೇಹೋಯಿತು ಎಂದುಕೊಂಡೆ.

ಆಫೀಸರಮ್ಮ ಫೈಲಿನಿಂದ ಒಂದು ಕವರ್ ತೆಗೆದರು. ನಮ್ಮನ್ನು ಬಲ್ಲವರೊಬ್ಬರ ಪತ್ರ ಬೇಕೆಂದಿದ್ದಕ್ಕೆ, ಬ್ಯಾಂಕಿನಿಂದ ರಿಟೈರಾಗಿದ್ದ ನಮ್ಮ ಪಕ್ಕದ ಮನೆ ಅಂಕಲ್ ನಾನು ಹೊರಡುವ ಮುಂಚೆ ಬರೆದುಕೊಟ್ಟದ್ದು. ಸಾಕ್ಷಿ ಹೇಳಿಕೆಯನ್ನು ನೀನು ಓದಕೂಡದು ಎಂದು ಅಂಟಿಸಿಯೇ ಕೊಟ್ಟಿದ್ದರು. ಆಕೆ ಗಟ್ಟಿಯಾಗಿ ಓದಿದರು. ಅಂಕಲ್ ಅವರ ಇಂಗ್ಲಿಷಿನ ಸಾರಾಂಶ ಇಷ್ಟು:

"ಇವರು ಗಂಡ ಹೆಂಡತಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನೀರಿನ ಮೋಟರ್ ಯಾರು ಹಾಕಬೇಕೆಂದು ದಿನಾ ಬೆಳಗ್ಗೆ ಆರೂವರೆಗೆ ಜಗಳ ಶುರುವಾಗುತ್ತದೆ. ಎಂಟಕ್ಕೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ನಗುತ್ತಾ ಹೋಗುತ್ತಾರೆ. ಆರು ವರ್ಷದಲ್ಲಿ ಎರಡೂ ತಪ್ಪಿಲ್ಲ. ಈಗ ಆಕೆ ಇಲ್ಲ. ಈತ ಮೋಟರಿನ ಜೊತೆಗೇ ಜಗಳವಾಡುತ್ತಿದ್ದಾನೆ. ದಯವಿಟ್ಟು ಬೇಗ ಇವನನ್ನು ಅಲ್ಲೇ ಇಟ್ಟುಕೊಳ್ಳಿ."

ಆಫೀಸರಮ್ಮ ತುಟಿ ಬಿಗಿಹಿಡಿದು, "ಇದು ನಿಜವೇ?" ಎಂದರು.

"ಇಲ್ಲ ಮೇಡಂ, ಆರೂವರೆ ಅಲ್ಲ, ಏಳು ಗಂಟೆ," ಎಂದೆ.

"ಏಳಾ? ನೀವು ಏಳ್ತಿದ್ದಿದ್ದೇ ಏಳಕ್ಕೆ! ಆರೂವರೆಗೆ ಒಬ್ಬಳೇ ಕೂಗ್ತಿದ್ದೆ ನಾನು," ಎಂದಳು ಹೆಂಡತಿ, ಕನ್ನಡದಲ್ಲಿ.

"ಏಳಕ್ಕೆ ಏಳೋನಾಗಿದ್ರೆ ನಾನು ಕಾಫಿ ಹೇಗೆ ಮಾಡ್ತಿದ್ದೆ?" ಎಂದೆ.

"ಅದನ್ನೇ ನಾನೂ ಕೇಳ್ತಿರೋದು! ಯಾವತ್ತು ಮಾಡಿದ್ರಿ?"

ಎಷ್ಟು ಹೊತ್ತು ಹಾಗೆ ನಡೆಯಿತೋ ಗೊತ್ತಿಲ್ಲ. ಎಲ್ಲಿ ಕೂತಿದ್ದೇವೆಂದು ನೆನಪಾಗಿ ಇಬ್ಬರೂ ಗಪ್ಪನೆ ಬಾಯಿ ಮುಚ್ಚಿಕೊಂಡು ತಿರುಗಿದೆವು. ಆಫೀಸರಮ್ಮ ಪೆನ್ನು ಕೆಳಗಿಟ್ಟು, ಫೈಲು ಮುಚ್ಚಿ, ನಗು ತಡೆಯಲಾರದೆ ಕಣ್ಣೊರೆಸಿಕೊಳ್ಳುತ್ತಿದ್ದರು.

"ನನಗೆ ನಿಮ್ಮ ಭಾಷೆ ಬರುವುದಿಲ್ಲ," ಎಂದರು. "ಆದರೆ ಒಂದೊಂದು ಮಾತೂ ಅರ್ಥವಾಯಿತು. ನನಗೂ ಮದುವೆಯಾಗಿದೆ. ಇನ್ನು ಯಾವ ದಾಖಲೆಯೂ ಬೇಡ."