ಏಳು ಎಂದಾಗ ಎದ್ದವನು

ಒಂದರಿಂದ ಹತ್ತರವರೆಗೆ ಎಣಿಸುವುದು ನಾವು ತಿಳಿದುಕೊಂಡಷ್ಟು ನಿರಪಾಯದ ಕೆಲಸವಲ್ಲ. ಏಳಕ್ಕೆ ಬಂದಾಗ ಅದು ಲೆಕ್ಕವೋ ಅಪ್ಪಣೆಯೋ ಹೇಳುವುದು ಕಷ್ಟ. ಹತ್ತರ ಪಾಡೂ ಅದೇ. ಆದರೆ ಹತ್ತಬೇಕಾದರೆ ಎದುರಿಗೆ ಬಸ್ಸೋ ಮರವೋ ಇರಬೇಕು. ಏಳುವುದಕ್ಕೆ ಕೂತಿದ್ದರೆ ಸಾಕು. ನಮ್ಮ ಚಿಂತಾಮಣಿಯಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ಅರ್ಧ ಊರು ತೆಲುಗಿನಲ್ಲಿ ಎಣಿಸುತ್ತದೆ. ತೆಲುಗಿನಲ್ಲಿ ಏಳಕ್ಕೆ ‘ಏಡು’ ಎನ್ನುತ್ತಾರೆ. ಯಾರನ್ನಾದರೂ ‘ಅಳು’ ಎನ್ನಬೇಕಾದರೂ ‘ಏಡು’ ಎಂದೇ ಅನ್ನುತ್ತಾರೆ. ಹೀಗಾಗಿ ಒಂದೇ ಅಂಕಿ ಕೇಳಿ ಒಬ್ಬ ಎದ್ದು ನಿಂತರೆ ಪಕ್ಕದವನು ಕಣ್ಣೊರೆಸಿಕೊಳ್ಳಬಹುದು. ತಮಾಷೆಯೆಂದು ತಿಳಿಯಬೇಡಿ. ಇದೇ ಅಂಕಿ ಒಂದು ಸಲ ನಮ್ಮ ಮನೆಯ ನೆಮ್ಮದಿಯನ್ನೇ ಕೆಡಿಸಿತ್ತು.

ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮಗಳು ಪದ್ಮ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಏಳನೇ ಕ್ಲಾಸು. ಸ್ಕೂಲು ಎಷ್ಟು ಹತ್ತಿರವೆಂದರೆ, ಅಲ್ಲಿ ಹುಡುಗಿಯರು ಮಗ್ಗಿ ಒಪ್ಪಿಸುವಾಗ ನಮ್ಮ ಅತ್ತೆಯವರು ಅಡುಗೆಮನೆಯಲ್ಲಿ ಕೂತೇ ತಪ್ಪು ಹಿಡಿಯುತ್ತಿದ್ದರು, ಅದೂ ತೆಲುಗಿನಲ್ಲಿ. ಅಲ್ಲಿ ಎಂಟನೇ ಕ್ಲಾಸಿನವರೆಗೆ ಇತ್ತು. ಎಂಟರ ಕೊನೆಗೆ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ. ಹುಡುಗಿ ‘ಎಲ್ಲೆಸ್ ಪಾಸು’ ಎನಿಸಿಕೊಂಡರೆ ಅವಳ ವಿದ್ಯೆಗೆ ಮಂಗಳ ಹಾಡಿ ಗಂಡು ನೋಡಲು ಹೊರಡುವುದು ನಮ್ಮ ಬೀದಿಯ ಪದ್ಧತಿ. ಹೀಗಿರುವಾಗ ಒಂದು ಸುದ್ದಿ ಹಬ್ಬಿತು. ಮಿಡ್ಲ್ ಸ್ಕೂಲು ಇನ್ನು ಏಳಕ್ಕೇ ಮುಗಿಯುತ್ತದಂತೆ, ಎಂಟನೆಯದನ್ನು ಹೈಸ್ಕೂಲಿಗೆ ಸೇರಿಸುತ್ತಾರಂತೆ. ಸಾಲದ್ದಕ್ಕೆ, ಯಾವ ಬೀದಿಯ, ಯಾವ ಹಳ್ಳಿಯ ಮಕ್ಕಳು ಯಾವ ಸ್ಕೂಲಿಗೆ ಎಂದು ಹೊಸದಾಗಿ ಎಲ್ಲೆ ಬೇರೆ ಹಾಕುತ್ತಾರಂತೆ.

ಹೈಸ್ಕೂಲು ಬಸ್ ಸ್ಟ್ಯಾಂಡಿನ ಆಚೆ, ಊರಿನ ಇನ್ನೊಂದು ಕೊನೆಯಲ್ಲಿತ್ತು. ಅಲ್ಲಿ ಮೀಸೆ ಬಂದ ಹುಡುಗರೂ ಓದುತ್ತಿದ್ದರು. “ಅಷ್ಟು ದೂರ ನಮ್ಮ ಹುಡುಗಿ ಹೋಗೋದೇ ಬೇಡ” ಎಂದು ಅತ್ತೆ ತೀರ್ಪು ಕೊಟ್ಟುಬಿಟ್ಟರು. ಬೀದಿಯ ಕೊನೆಯಲ್ಲಿ ರೇಷ್ಮೆ ಗೂಡಿನ ವ್ಯಾಪಾರದ ಸಾಬ್‌ಜಾನ್ ಸಾಹೇಬರ ಮನೆ. ಅವರ ಮಗಳು ನೂರ್‌ಜಾನ್ ಮತ್ತು ಪದ್ಮ ಒಂದೇ ಬೆಂಚಿನವರು. ಆ ಮನೆಯ ಅಜ್ಜಿ ಉರ್ದುವಿನಲ್ಲಿ ಕೊಟ್ಟ ತೀರ್ಪೂ ಇದೇ ಆಗಿತ್ತು. ಇಬ್ಬರು ಹುಡುಗಿಯರೂ ಊಟ ಬಿಟ್ಟು ಕೂತರು. ಆಗ ಸ್ಕೂಲಿನಲ್ಲಿ ಪೋಷಕರ ಸಭೆ ಕರೆದರು. ನನ್ನ ಹೆಂಡತಿ ಕಮಲ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, “ಏನ್ರೀ, ಎಂಟು ಇಲ್ಲೇ ಇರ್ಬೇಕು ಅಂತ ಗಟ್ಯಾಗಿ ಹೇಳ್ಬಿಟ್ಟು ಬನ್ನಿ. ಮಗು ಎಲ್ಲೆಸ್ ಆದ್ರೂ ಮಾಡ್ಲಿ. ಅಲ್ಲಿ ಹೋಗಿ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋಬೇಡಿ” ಎಂದಳು. ನಾನು ಎಂಟು, ಎಂಟು ಎಂದು ಜಪಿಸುತ್ತಲೇ ಹೊರಟೆ.

ಸಭೆಯ ದಿನ ಭಾನುವಾರ, ಕಾಲ ಅವರೆಕಾಯಿಯದು. ಮನೆಯಲ್ಲಿ ಹಿತಕಿದ ಬೇಳೆ ಸಾರು, ರಾಗಿಮುದ್ದೆ. ಇಂಥ ಊಟ ಹಾಕಿ ಗಂಡನನ್ನು ಸಭೆಗೆ ಕಳಿಸುವುದು ಯಾವ ನ್ಯಾಯ ಎಂದು ನಾನು ಕಮಲಳನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಬಡಿಸಿದ್ದು ನಾನು, ಎರಡನೇ ಮುದ್ದೆ ಕೇಳಿದವರು ನೀವು ಎನ್ನುತ್ತಾಳೆ. ಅಂತೂ ಐದನೇ ಕ್ಲಾಸಿನ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಗುಲಿಸಿಕೊಂಡು ಕೂತೆ. ಪಕ್ಕದಲ್ಲಿ ಸಾಬ್‌ಜಾನ್ ಸಾಹೇಬರು. “ಗುಮಾಸ್ತ್ರೇ, ನನಗೆ ಈ ಸರ್ಕಾರದ ಮಾತೆಲ್ಲ ತಿಳಿಯೋದಿಲ್ಲ. ನೀವು ಹೆಂಗೋ ನಾನೂ ಹಂಗೆ” ಎಂದು ನನ್ನ ಕೈ ಅದುಮಿದರು.

ಸಭೆ ನಡೆಸಲು ಬಂದಿದ್ದ ಸ್ಕೂಲ್ ಇನ್ಸ್‌ಪೆಕ್ಟರು ಮೊದಲು ಎಲ್ಲೆಯ ಮಾತೆತ್ತಿದರು. ಅದು ಅವರು ಮಾಡಿದ ತಪ್ಪು. ಎಲ್ಲೆ ಚರಂಡಿಯ ಮೇಲೆ ಹೋಗಲಿ ಎಂದರೊಬ್ಬರು. ಆ ಚರಂಡಿ ಪ್ರತಿ ಮಳೆಗಾಲಕ್ಕೂ ಬೇರೆ ಕಡೆ ಹರಿಯುತ್ತದೆ, ಮಕ್ಕಳೂ ಅದರ ಜೊತೆ ಸ್ಕೂಲು ಬದಲಾಯಿಸಬೇಕೇ ಎಂದು ಇನ್ನೊಬ್ಬರು ಕೇಳಿದರು. ಶೆಟ್ಟರ ಅಂಗಡಿಯ ಮುಂಬಾಗಿಲು ಒಂದು ಬೀದಿಗೆ, ಹಿತ್ತಲ ಬಾಗಿಲು ಇನ್ನೊಂದಕ್ಕೆ. ಮಗಳು ಯಾವ ಬಾಗಿಲಿಂದ ಹೊರಬಂದರೆ ಯಾವ ಸ್ಕೂಲು ಎಂದು ಅವರಿಗೆ ಆಗಲೇ ಗೊತ್ತಾಗಬೇಕಿತ್ತು. ಅಂಬಾಜಿದುರ್ಗದ ಕಡೆಯಿಂದ ಮೊಮ್ಮಗಳಿಗಾಗಿ ಬಂದಿದ್ದ ರೆಡ್ಡಿಯವರು ಎದ್ದು, “ಸ್ವಾಮೀ, ಗೀಟು ಎಲ್ಲಿ ಬೇಕಾದ್ರೂ ಎಳ್ಕೊಳ್ಳಿ. ಮಾ ಊರು ಮಾತ್ರಂ ಒಳಗಡೆ ಇರ್ಬೇಕು, ಅಷ್ಟೇ” ಎಂದರು. ನಿಮ್ಮೂರು ಒಳಗೆ ಬಂದರೆ ಕೂರಿಸಲು ಕೋಣೆ ಎಲ್ಲಿದೆ ಎಂದು ಹೆಡ್‌ಮಿಸ್ಟ್ರೆಸ್ ಗೋಗರೆದರು. ಅಲ್ಲಿಂದ ಮುಂದಿನದು ನನಗೆ ಕೇಳಿಸಲಿಲ್ಲ. ಮುದ್ದೆ ತನ್ನ ಕೆಲಸ ಮಾಡಿತ್ತು.

ನನ್ನನ್ನು ಏಕವಚನದಲ್ಲಿ ‘ಏಳು’ ಎಂದವರು ಜನ್ಮದಲ್ಲಿ ಇಬ್ಬರೇ. ಒಬ್ಬರು ನಮ್ಮಮ್ಮ. ಇನ್ನೊಬ್ಬರು ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟ್ರು. ಅವರ ಕ್ಲಾಸಿನಲ್ಲೂ ನಾನು ಇಂಥದೇ ಬೆಂಚಿನಲ್ಲಿ ಹೀಗೇ ನಿದ್ದೆ ಮಾಡುತ್ತಿದ್ದೆ. ಅವರು ಮೇಜಿನ ಮೇಲೆ ಬೆತ್ತ ಬಡಿದು ‘ಏಳು!’ ಎಂದರೆ, ಎಚ್ಚರವಾಗುವ ಮೊದಲೇ ನಾನು ಎದ್ದಿರುತ್ತಿದ್ದೆ. ಆ ದಿನ ಗದ್ದಲದಿಂದ ರೋಸಿಹೋದ ಇನ್ಸ್‌ಪೆಕ್ಟರು, “ಎಲ್ಲೆ ಹಾಗಿರಲಿ, ಮೊದಲು ಇದನ್ನ ಹೇಳಿ, ಏಳು ಸಾಕೋ, ಎಂಟೂ ಇರಬೇಕೋ?” ಎಂದರಂತೆ. ಸಭೆ ಮತ್ತೆ ಕೂಗಾಡಿದಾಗ, ಕೂಗಬೇಡಿ, ನಾನು ಅಂಕಿ ಹೇಳುತ್ತೇನೆ, ಒಪ್ಪಿದವರು ಎದ್ದು ನಿಲ್ಲಿ ಎಂದರಂತೆ. ಅವರು ಡಸ್ಟರಿನಿಂದ ಮೇಜು ಕುಟ್ಟಿ, “ಏಳು!” ಎಂದರು. ನಾನು ಎದ್ದು ನಿಂತೆ. ಕೈ ಕಟ್ಟಿಕೊಂಡಿದ್ದೆನೆಂದು ಆಮೇಲೆ ತಿಳಿಯಿತು.

ಕಣ್ಣು ಬಿಟ್ಟರೆ ಸಭೆಗೆ ಸಭೆಯೇ ನನ್ನನ್ನು ನೋಡುತ್ತಿತ್ತು. ತಾಲ್ಲೂಕು ಕಚೇರಿಯವನೇ ಎದ್ದನೆಂದ ಮೇಲೆ ಇದರಲ್ಲಿ ಏನೋ ಒಳಮರ್ಮವಿರಬೇಕೆಂದು ರೆಡ್ಡಿಯವರು ಎದ್ದರು. ‘ನೀವು ಹೆಂಗೋ ನಾನೂ ಹಂಗೆ’ ಎಂದಿದ್ದ ಸಾಬ್‌ಜಾನ್ ಸಾಹೇಬರು ಮಾತಿಗೆ ತಪ್ಪದೆ ಎದ್ದರು. ಶೆಟ್ಟರು ಆಚೀಚೆ ನೋಡಿ ಎದ್ದರು. ಆಮೇಲೆ ಕೂತವರು ಒಬ್ಬರೂ ಉಳಿಯಲಿಲ್ಲ. “ಸರ್ವಾನುಮತ!” ಎಂದು ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡರು. ಎಂಟನೆಯ ಕ್ಲಾಸಿನ ಕೋಣೆ ತೆರವಾಗುವುದರಿಂದ ರೆಡ್ಡಿಯವರ ಊರಿಗೂ ಜಾಗವಾಯಿತು. ಎಲ್ಲೆಯ ಜಗಳವೂ ಅಲ್ಲಿಗೆ ತಣ್ಣಗಾಯಿತು. ರೆಡ್ಡಿಯವರು ನನ್ನನ್ನು ತಬ್ಬಿಕೊಂಡು, ಎಂಥ ಬುದ್ಧಿ ನಿಮ್ಮದು ಎಂದರು. ನಾನು ಸುತ್ತುದಾರಿ ಹಿಡಿದು ಮನೆಗೆ ಹೊರಟೆ.

ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತ್ತು. ಕಮಲಳ ಬದಲು ಪಾತ್ರೆಗಳು ಮಾತಾಡಿದವು. ಅತ್ತೆ ಪದ್ಮಳನ್ನು ಮಡಿಲಿಗೆ ಎಳೆದುಕೊಂಡು, “ಏಡಾ? ಅಯಿತೇ ಇಂಕ ಏಡು ತಲ್ಲೀ” ಎಂದರು. ಏಳಂತೆ, ಹಾಗಾದರೆ ಇನ್ನು ಅಳು ತಾಯಿ ಎಂದು. ಪದ್ಮ ಅಳಲಿಲ್ಲ. ನನ್ನ ಮುಖವನ್ನೇ ನೋಡಿ, “ಅಪ್ಪಾ, ನೀವು ನಿದ್ದೆಗಣ್ಣಲ್ಲಿ ಎದ್ರಿ ಅಲ್ವಾ?” ಎಂದು ಪಿಸುಗುಟ್ಟಿದಳು. ನಾನು ತಲೆ ತಗ್ಗಿಸಿದೆ. ಅವಳ ಓದು ನನ್ನಿಂದಲೇ ನಿಂತಿತ್ತು.

ಆದರೆ ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ ಸಾಬ್‌ಜಾನ್ ಸಾಹೇಬರು ನೂರ್‌ಜಾನಳ ಕೈಗೆ ಹೊಸ ಬ್ಯಾಗು ಕೊಟ್ಟು, ಅವಳನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದರು. “ಗುಮಾಸ್ತ್ರೇ, ನಮ್ಮ ಅಮ್ಮೀಜಾನ್ ಒಪ್ಪಿದ್ರು. ಎಲ್ಲಾರ್ಗಿಂತ ಮೊದ್ಲು ಎದ್ದು ನಿಂತೋರು ತಮ್ಮ ಮಗಳನ್ನ ಹೈಸ್ಕೂಲಿಗೆ ಕಳಿಸ್ದೆ ಇರ್ತಾರಾ, ನೀನೂ ಜೊತೆಗೆ ಹೋಗಮ್ಮ ಅಂದ್ರು. ಎಲ್ಲಿ ಪದ್ಮ?” ಎಂದರು. ಅತ್ತೆ ನನ್ನನ್ನು ನೋಡಿದರು, ನಾನು ಗೋಡೆ ನೋಡಿದೆ. ಎದ್ದವನ ಮಗಳೇ ಮನೆಯಲ್ಲಿ ಕೂತರೆ ಬೀದಿಯಲ್ಲಿ ತಲೆಯೆತ್ತುವುದು ಹೇಗೆ? ಅತ್ತೆಯವರೇ ಪದ್ಮಳಿಗೆ ಜಡೆ ಹೆಣೆದು ಕಳಿಸಿದರು.

ಮಿಡ್ಲ್ ಸ್ಕೂಲಿನಲ್ಲೇ ಎಂಟು ಮುಗಿಸಿದ್ದರೆ ಇಬ್ಬರೂ ಎಲ್ಲೆಸ್ ಪಾಸಾಗಿ ಅಲ್ಲಿಗೇ ನಿಲ್ಲುತ್ತಿದ್ದರು. ಹೈಸ್ಕೂಲಿನಲ್ಲಿ ಎಂಟಕ್ಕೆ ಇಳಿಯುವ ಮೆಟ್ಟಿಲೇ ಇರಲಿಲ್ಲ. ಒಳಗೆ ಹೋದವರು ಹತ್ತಕ್ಕೇ ಹೊರಬಂದರು, ಅದೂ ಪಾಸಾಗಿ. ಉಪಾಧ್ಯಾಯಿನಿಯರ ತರಬೇತಿಗೆಂದು ಇಬ್ಬರೂ ಕೋಲಾರಕ್ಕೆ ಹೊರಟ ದಿನ ನಾನೂ ಸಾಬ್‌ಜಾನ್ ಸಾಹೇಬರೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ರೆಡ್ಡಿಯವರು ಎಲ್ಲಿಂದಲೋ ಬಂದು, ಹೆಣ್ಣುಮಕ್ಕಳ ಓದಿಗಾಗಿ ಈ ಊರಲ್ಲಿ ಮೊದಲು ಎದ್ದು ನಿಂತವರು ಇವರೇ ಎಂದು ಕಂಡವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲವಾದ್ದರಿಂದ ನಾನು ಸುಮ್ಮನಿದ್ದೆ. ಕಂಡಕ್ಟರ್ “ಹತ್ತಮ್ಮ, ಹತ್ತು, ಹತ್ತು!” ಎಂದು ಕೂಗಿದ. ಹುಡುಗಿಯರು ನಗುತ್ತಾ ಹತ್ತಿಯೇಬಿಟ್ಟರು. ಬಸ್ಸು ಹೊರಟಿತು. ಈ ಸಲ ಯಾರೂ ಏಳು ಎನ್ನದಿದ್ದರೂ ನಾನು ಎದ್ದು ನಿಂತಿದ್ದೆ. ಅತ್ತೆ ಅಂದು ಪದ್ಮಳಿಗೆ ತೆಲುಗಿನಲ್ಲಿ ಹೇಳಿದ್ದ ಕೆಲಸವನ್ನೂ ನಾನೇ ಮಾಡುತ್ತಿದ್ದೆ. ಸಾಬ್‌ಜಾನ್ ಸಾಹೇಬರು ತಿರುಗಿ ನನ್ನ ಮುಖ ನೋಡಿದರು, ‘ನೀವು ಹೆಂಗೋ ನಾನೂ ಹಂಗೆ’ ಎಂದು ಮಾತು ಕೊಟ್ಟಿದ್ದು ನೆನಪಾಯಿತೋ ಏನೋ, ಅವರೂ ಕಣ್ಣಿಗೆ ಕರ್ಚೀಫು ಹಿಡಿದರು.