ಬೀಗರಿಗೆ ಎಡಗಡೆ ಕುರ್ಚಿ

ಲಕ್ವ ಹೊಡೆದವರ ಮನೆಯವರಿಗೆ ದಾರಿ ತೋರಿಸೋಕೆ ಅಂತ ಹೋಗಿ ನಾನೇ ದಾರಿ ತಪ್ಪಿದ್ದು ಒಂದು ಸಲವಲ್ಲ, ಎರಡು ಸಲವಲ್ಲ. ಆದರೆ ಭಾನುವಳ್ಳಿಯ ಆ ಮನೆಯಲ್ಲಿ ತಪ್ಪಿದಷ್ಟು ಇನ್ನೆಲ್ಲೂ ತಪ್ಪಲಿಲ್ಲ.

ತೊಂಬತ್ತರ ದಶಕದ ಕೊನೆ. ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ನರ್ಸಾಗಿ ಕೆಲಸಕ್ಕಿದ್ದೆ. ಒಂದಿನ ಡಾಕ್ಟ್ರು ಕರೆದು, "ಲಕ್ವ ಪೇಷೆಂಟುಗಳಿಗೆ ಮನೆಗೆ ಹೋದ ಮೇಲೇ ನಿಜವಾದ ಕಷ್ಟ ಶುರು. ನೀವು ಮನೆಮನೆಗೆ ಹೋಗಿ ವ್ಯಾಯಾಮ, ಊಟ, ಮಾತ್ರೆ ಎಲ್ಲಾ ಹೇಳಿಕೊಡ್ರಿ" ಅಂದರು. "ಈ ಕೆಲಸಕ್ಕೆ ಏನಂತಾರೆ ಸಾರ್?" ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಒಂದು ಬ್ಯಾಗು, ಒಂದು ನೋಟ್‌ಬುಕ್ಕು ಕೊಟ್ಟು ಕಳಿಸಿದರು.

1. ಬ್ಯಾಗು ನೋಡಿ ಬಾಗಿಲು

ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿಯಲ್ಲಿ ಇಳಿದೆ. ಕೈಯಲ್ಲಿ ನೋಟ್‌ಬುಕ್ಕು, ಹೆಗಲಲ್ಲಿ ಬ್ಯಾಗು. ನನ್ನನ್ನು ನೋಡಿದ್ದೇ ತಡ, ಬೀದಿಯಲ್ಲಿದ್ದ ಹೆಂಗಸರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಏನೊಂದೂ ತಿಳಿಯಲಿಲ್ಲ.

ನಾನು ಹುಡುಕುತ್ತಿದ್ದ ಮನೆಯ ಬಾಗಿಲು ಮಾತ್ರ ತೆರೆದಿತ್ತು. ಅಲ್ಲಿನ ಯಜಮಾನರು ಎಡಭಾಗ ಬಿದ್ದುಹೋಗಿ, ನಮ್ಮ ನರ್ಸಿಂಗ್ ಹೋಮ್‌ನಲ್ಲಿದ್ದು, ಆ ವಾರವಷ್ಟೇ ಮನೆಗೆ ಬಂದಿದ್ದರು. ಅವರ ಹೆಂಡತಿ ಗುರುತು ಸಿಗದೆ ಹೊಸ್ತಿಲಲ್ಲೇ ನನ್ನನ್ನು ತಡೆದರು.

"ನಮಗೆ ಬ್ಯಾಡ್ರಿ ಸಿಸ್ಟ್ರೆ."

"ಏನು ಬ್ಯಾಡ ಅಮ್ಮಾ?"

"ಅದೇ, ಆಪರೇಷನ್. ನನಗೆ ಅರವತ್ತಾತು. ಯಜಮಾನ್ರು ನೋಡಿದ್ರೆ ಮಂಚ ಹಿಡಿದಾರೆ. ಇನ್ನು ಮಕ್ಕಳಾಗ್ತಾವಂತ ಸರ್ಕಾರಕ್ಕೆ ಯಾಕಿಷ್ಟು ಭಯ?"

2. ಅರ್ಧ ತಟ್ಟೆಯ ಜಗಳ

ನಾನು ಯಾರು ಅಂತ ತಿಳಿಸಿ ಒಳಗೆ ಹೋಗುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಯಜಮಾನರು ದಿಂಬಿಗೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಸಿಟ್ಟು ಮಾತ್ರ ಚೂರೂ ತೊದಲುತ್ತಿರಲಿಲ್ಲ.

"ನೋಡ್ರಿ ಸಿಸ್ಟ್ರೆ, ನಾನು ಬಿದ್ದ ಮ್ಯಾಲೆ ಇವಳು ಪಲ್ಯ ಹಾಕೋದೇ ಬಿಟ್ಟಾಳೆ. ಅರ್ಧ ರೊಟ್ಟಿ ಕೊಟ್ಟು ಕೈ ತೊಳ್ಕೊಂತಾಳೆ."

ತಟ್ಟೆ ನೋಡಿದೆ. ಎಡಗಡೆ ಬದನೆಕಾಯಿ ಪಲ್ಯ ಹಾಕಿದ್ದು ಹಾಕಿದಂಗೇ ಇತ್ತು, ಪಕ್ಕದಲ್ಲಿ ಅರ್ಧ ರೊಟ್ಟಿ. ಹೆಂಡತಿ ಸೆರಗಲ್ಲಿ ಕಣ್ಣೊರೆಸಿಕೊಂಡು, "ದಿನಾ ಇದೇ ಪಾಡು. ನನ್ನ ಕೈ ಅಡಿಗಿ ಇವ್ರಿಗೆ ಬ್ಯಾಸರಾಗೈತೆ" ಅಂದರು.

ಡಾಕ್ಟ್ರು ಇದನ್ನೇ ಹೇಳಿದ್ದರು. ಕಣ್ಣು ಸರಿಯಾಗೇ ಇದೆ, ಆದರೆ ಮಿದುಳು ಎಡಗಡೆಯನ್ನು ಲೆಕ್ಕಕ್ಕೇ ತಗೊಳ್ಳಲ್ಲ ಅಂತ. ಅವರು ಹೇಳಿದಾಗ ತಲೆಬುಡ ಅರ್ಥವಾಗಿರಲಿಲ್ಲ, ಸುಮ್ಮನೆ ತಲೆ ಆಡಿಸಿದ್ದೆ. ಈಗ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದೆ. ಪಲ್ಯ ಬಲಗಡೆಗೆ ಬಂತು.

ಯಜಮಾನರ ಮುಖ ಅರಳಿತು. "ಈಗ ಹಾಕಿದ್ಲು ನೋಡ್ರಿ! ಸಿಸ್ಟ್ರೆ, ನೀವು ದಿನಾ ಊಟದ ಹೊತ್ತಿಗೆ ಬರ್ರಿ. ನಿಮ್ಮ ಕಂಡ್ರೆ ಇವಳಿಗೆ ಭಯ ಐತೆ."

3. ನಾನು ಹೇಳಿಕೊಟ್ಟ ಮರ್ಯಾದೆ

ಎಡಗಡೆಯನ್ನು ನೆನಪಿಸಬೇಕಲ್ಲ, ಅದಕ್ಕೆ ಅವರ ಎಡಗೈಗೆ ಒಂದು ಕೆಂಪು ರಿಬ್ಬನ್ ಕಟ್ಟಿದೆ. "ಯಾರೋ ಬಂದಂಗಾತು ಅಂದ್ರೆ ಮೊದಲು ರಿಬ್ಬನ್ ನೋಡ್ರಿ" ಅಂತ ಪಾಠ ಮಾಡಿದೆ. ಹೆಂಡತಿಗೂ ಹೇಳಿದೆ: "ಬಂದೋರನ್ನೆಲ್ಲ ಎಡಗಡೇನೇ ಕೂರಿಸ್ರಿ. ಆವಾಗ ಆ ಕಡೆ ತಿರುಗೋದು ಕಲೀತಾರೆ." ಬಲು ಜಾಣೆ ನಾನು! ಈಗ ನೆನೆಸಿಕೊಂಡರೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಆ ಮನೆ ಮಗಳಿಗೆ ಹದಡಿಯ ಹುಡುಗನ ಜೊತೆ ನಿಶ್ಚಿತಾರ್ಥ ಆಗಿತ್ತು. ಅದಾಗಿ ಹದಿನೈದು ದಿನಕ್ಕೇ ಅಪ್ಪನಿಗೆ ಲಕ್ವ. ನಾನು ಪಾಠ ಮಾಡಿಬಂದ ಮಾರನೇ ದಿನವೇ ಹುಡುಗನ ಅಪ್ಪ ನೋಡೋಕೆ ಬಂದರು. ಹೆಂಡತಿ ನನ್ನ ಮಾತಿನಂತೆ ಎಡಗಡೆ ಕುರ್ಚಿ ಹಾಕಿ ಕೂರಿಸಿ, ಚಾ ಮಾಡೋಕೆ ಒಳಗೆ ಹೋದರು.

ಬೀಗರು ಅಂದ್ರೆ ಬೀಗರು. ಹೆಣ್ಣಿನ ಅಪ್ಪ "ಬರ್ರಿ" ಅನ್ನೋ ತನಕ ಗಂಡಿನ ಕಡೆಯವರು ಬಾಯಿ ಬಿಡ್ತಾರಾ? ಮೀಸೆ ತಿರುವಿಕೊಂಡು ಕಾದರು. ಯಜಮಾನರೋ ಬಲಗಡೆಯ ಕಿಟಕಿಯಲ್ಲಿ ಎಮ್ಮೆ ನೋಡುತ್ತಾ ಕೂತಿದ್ದರು. ರಿಬ್ಬನ್ನಿನ ನೆನಪೇ ಇಲ್ಲ. ಚಾ ತರುವಷ್ಟರಲ್ಲಿ ಕುರ್ಚಿ ಖಾಲಿ.

ಸಂಜೆ ಹದಡಿಯಿಂದ ಮಾತು ಬಂತು: "ಬೀಗರಿಗಿಂತ ಎಮ್ಮಿ ಹೆಚ್ಚಾದ ಮನಿ ಹುಡುಗಿ ನಮಗೆ ಬ್ಯಾಡ."

4. ಬಲಗಡೆ ಕುರ್ಚಿ

ಮಗಳು ಊಟ ಬಿಟ್ಟಳು. ಗಂಡನಿಗೆ ಹೇಳಿದರೆ ಬಿಪಿ ಏರುತ್ತೆ ಅಂತ ತಾಯಿ ಬಾಯಿ ಬಿಡಲಿಲ್ಲ. ನನಗೆ ಸಂಕಟ. ಒಂದು ಹುಡುಗಿಯ ಮದುವೆ ನಾನು ಹಾಕಿಸಿದ ಕುರ್ಚಿಯಿಂದ ಮುರಿಯುತ್ತೆ ಅಂದರೆ! ನಾನೇ ಹದಡಿಗೆ ಹೋದೆ.

ಬೀಗರು ಎಲ್ಲಾ ಕೇಳಿಸಿಕೊಂಡು, "ಕಣ್ಣು ಸರಿ ಐತೆ ಅಂತೀರಿ, ಕಾಣಲ್ಲ ಅಂತೀರಿ. ಯಾವುದಾದ್ರೂ ಒಂದು ಹೇಳ್ರಿ" ಅಂದರು. ತಟ್ಟೆಯ ಕಥೆ ಹೇಳಿದೆ, ರಿಬ್ಬನ್ ಕಥೆ ಹೇಳಿದೆ. ಅವರ ಹೆಂಡತಿಗೆ ಏನನ್ನಿಸಿತೋ, "ಇನ್ನೊಂದ್ಸಲ ಹೋಗಿ ಬರ್ರಿ, ಗಂಟೇನು ಹೋಗ್ತದೆ" ಅಂದರು. ಬೀಗರು ಮೂರು ವಾರ ಸತಾಯಿಸಿ ಕೊನೆಗೆ ಒಪ್ಪಿದರು. "ಬಲಗಡೆ ಕೂರಿಸಿದ್ರೆ ಮಾತ್ರ ಬರ್ತೀನಿ."

ಆ ದಿನ ನಾನೇ ಮುಂದೆ ನಿಂತು ಮಂಚ ಸರಿಸಿ, ಕಿಟಕಿ ಪಕ್ಕ ಕುರ್ಚಿ ಹಾಕಿಸಿದೆ. ಬೀಗರು ಬಂದರು. ಮಂಚದ ತಲೆಯ ಹಿಂದಿನಿಂದ ಕರೆತಂದು ಬಲಗಡೆ ಕೂರಿಸಿ, ಯಜಮಾನರ ಹೆಂಡತಿಯನ್ನು ಕರೆಯೋಕೆ ಅಡಿಗೆಮನೆಗೆ ಹೋದೆ. ಎರಡೇ ನಿಮಿಷ.

ವಾಪಸ್ ಬಂದು ನೋಡ್ತೀನಿ, ಎಲ್ಲಾ ತಲೆಕೆಳಗು. ಮೂರು ವಾರದ ಪಾಠ ಯಜಮಾನರ ತಲೆಗೆ ಚೆನ್ನಾಗೇ ಹತ್ತಿತ್ತು. ಯಾರೋ ಬಂದ ಸದ್ದು ಕೇಳಿ ರಿಬ್ಬನ್ ನೋಡಿದ್ದರು. ಕತ್ತು ಪೂರ್ತಿ ಎಡಕ್ಕೆ ತಿರುಗಿಸಿ, ಆ ಕಡೆಯ ಬಾಗಿಲನ್ನೇ ನೋಡುತ್ತಾ, ನಗುಮುಖ ಮಾಡಿಕೊಂಡು ಕಾಯುತ್ತಿದ್ದರು. ಬಲಗಡೆ ಕೂತಿದ್ದ ಬೀಗರಿಗೆ ಕಂಡಿದ್ದು ಅವರ ಬೋಳುತಲೆಯ ಹಿಂಭಾಗ.

"ಆತಲ್ಲ! ಎಡಕ್ಕೆ ಕೂತ್ರೆ ಬಲಕ್ಕೆ ತಿರುಗ್ತಾರೆ, ಬಲಕ್ಕೆ ಕೂತ್ರೆ ಎಡಕ್ಕೆ ತಿರುಗ್ತಾರೆ!" ಅಂತ ಬೀಗರು ನನ್ನ ಕಡೆ ಕೆಂಗಣ್ಣು ಬಿಟ್ಟು ಎದ್ದು, ದಡದಡ ಬಾಗಿಲಿಗೆ ನಡೆದರು. ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಮುಖ ಮುಚ್ಚಿಕೊಂಡಳು.

ಬೀಗರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು. ಆಗ ಬಾಗಿಲಲ್ಲಿ ಅವರನ್ನು ಕಂಡ ಯಜಮಾನರು ಗುಡುಗಿದರು.

"ಈಗ ಬಂದ್ರೇನ್ರಿ ಬೀಗ್ರೆ? ನಾನು ಬಿದ್ದು ತಿಂಗಳ ಮ್ಯಾಲಾತು! ಸತ್ತಾನೋ ಬದುಕ್ಯಾನೋ ಅಂತ ಒಂದ್ಸಲನಾದ್ರೂ ಬಂದು ನೋಡಿದ್ರೇನ್ರಿ? ಇಂಥ ಕಟುಕರ ಸಂಬಂಧ ಬ್ಯಾಡ ಅಂತ ನಾಳೆ ಹೇಳಿ ಕಳಿಸೋನಿದ್ದೆ!"

ಬೀಗರು ಒಂಟಿ ಚಪ್ಪಲಿಯಲ್ಲಿ ಹಾಗೇ ನಿಂತರು. ಬಾಗಿಲು ನೋಡಿದರು, ಮಂಚ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು.

"ಸಿಸ್ಟ್ರೆ, ನಾನೀಗ ಬರ್ತಿದ್ದೀನೋ, ಹೋಗ್ತಿದ್ದೀನೋ?"

"ಬರ್ತಿದ್ದೀರಿ" ಅಂದೆ. "ಒಳಗೆ ಬಂದು ಕೂಡ್ರಿ."

"ಯಾವ ಕಡೆ?"

"ನಿಮಗೆ ಕೈ ಮುಗೀತೀನಿ, ಎದುರಿಗೇ ಕೂತುಬಿಡ್ರಿ."

ಅವರು ಚಪ್ಪಲಿ ಬಿಟ್ಟು ಕುರ್ಚಿ ಎತ್ತಿ ತಂದು ಯಜಮಾನರ ಎದುರಿಗೆ ಹಾಕಿಕೊಂಡು ಕೂತರು. ಅಡಿಗೆಮನೆ ಕಡೆ ತಿರುಗಿ ಕೂಗಿದರು: "ಬೀಗ್ತ್ಯಮ್ಮಾ, ಚಾ ಎರಡು ಲೋಟ ತರ್ರಿ. ಹೋದ ಸಲದ್ದೂ ಇವ್ರ ಕಣ್ಣ ಮುಂದೇ ಕುಡೀತೀನಿ!"